ಅದೆಮಾರ್ ಕೇಳಿದ ತಿಳಿನೀರು

ನನ್ನ ಗಂಡ ಅದೆಮಾರ್ ಮೀನು ಹಿಡಿಯುವವನು. ತಿನ್ನುವ ಮೀನಲ್ಲ, ನೋಡುವ ಮೀನು. ಕಾಡಿನ ನಡುವೆ, ನದಿಯ ದಂಡೆಯ ನಮ್ಮ ಬಾರ್ಸೆಲೊಸ್ ಊರಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರು ಕೇಳಿದರೆ ನಗುತ್ತಾರೆ. ಮದುವೆಗೆ ಮುಂಚೆ ನನ್ನ ಅಪ್ಪನೂ ನಕ್ಕಿದ್ದ. ಬಾಣಲೆಗೆ ಬೀಳದ ಮೀನು ಹಿಡಿಯುವವನು ನಿನ್ನ ಹೊಟ್ಟೆಗೆ ಏನು ಹಾಕುತ್ತಾನೆ ಎಂದು ಕೇಳಿದ್ದ. ಹಾಕಿದ. ಒಂದು ದಿನವೂ ಉಪವಾಸ ಮಲಗಿಸಲಿಲ್ಲ.

ಅವನು ಹಿಡಿಯುತ್ತಿದ್ದದ್ದು ಕಾರ್ದಿನಾಲ್ ಎನ್ನುವ ಮೀನು. ನನ್ನ ಕಿರುಬೆರಳಿಗಿಂತ ಚಿಕ್ಕದು. ಬೆನ್ನಿನ ಕೆಳಗೆ ಒಂದು ನೀಲಿ ಗೆರೆ, ಅದರ ಕೆಳಗೆ ಪೂರ್ತಿ ಕೆಂಪು. ನದಿ ಏರಿ ಕಾಡಿನೊಳಗೆ ನುಗ್ಗಿದಾಗ ಈ ಮೀನುಗಳು ಮುಳುಗಿದ ಮರಗಳ ಬುಡಕ್ಕೆ ಹೋಗುತ್ತವೆ. ಅವನೂ ಸಣ್ಣ ದೋಣಿಯಲ್ಲಿ ಹಿಂದೆಯೇ ಹೋಗುತ್ತಿದ್ದ. ಸೊಂಟದವರೆಗಿನ ನೀರಲ್ಲಿ ನಿಂತು, ಹುಟ್ಟನ್ನು ನೀರಿಗೆ ತಾಗಿಸಿಯೂ ತಾಗಿಸದ ಹಾಗೆ ಆಡಿಸುತ್ತ, ಗುಂಪನ್ನು ಮೆಲ್ಲಗೆ ಕೈಬಲೆಯ ಕಡೆಗೆ ತಿರುಗಿಸುತ್ತಿದ್ದ. ಮೀನನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ. ಸೋರೆಬುರುಡೆಯ ಬಟ್ಟಲಲ್ಲಿ ನೀರಿನ ಸಮೇತ ಎತ್ತಿ ಪ್ಲಾಸ್ಟಿಕ್ ಬೋಗುಣಿಗೆ ಬಿಡಬೇಕು. ಮನೆಯಲ್ಲಿ ನನ್ನ ಮೇಲೆ, ಮಗಳ ಮೇಲೆ ರೇಗುತ್ತಿದ್ದವನು ಬೋಗುಣಿಯ ಹತ್ತಿರ ಮಾತ್ರ ಪಿಸುಮಾತಾಡುತ್ತಿದ್ದ.

ಬೋಗುಣಿಗಳು ನದಿಯ ಕೆಳಗಿನ ದೊಡ್ಡ ಪಟ್ಟಣ ಮನೌಸಿಗೆ ಹೋಗುವ ದೋಣಿ ಹತ್ತುವಾಗ ಅವನು ಮೀನುಗಳಿಗೆ "ಹೋಗ್ಬನ್ನಿ" ಎನ್ನುತ್ತಿದ್ದ. ಅಲ್ಲಿಂದ ಅವು ವಿಮಾನದಲ್ಲಿ ಪರದೇಶದ ಮನೆಗಳ ಗಾಜಿನ ಪೆಟ್ಟಿಗೆಗಳಿಗೆ ಹೋಗುತ್ತಿದ್ದವು. ಒಂದೂ ವಾಪಸ್ ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಹಾಗೇ ಅನ್ನುತ್ತಿದ್ದ. ಬಂದರಿನಲ್ಲಿ ಎಲ್ಲರೂ ಅದನ್ನೇ ಆಡಿಕೊಂಡು ನಗುತ್ತಿದ್ದರು.

ಆಮೇಲೆ ಎರಡು ಕೆಟ್ಟವು ಒಟ್ಟಿಗೆ ಬಂದವು. ಪರದೇಶದವರು ಈ ಮೀನನ್ನು ತಮ್ಮ ತೊಟ್ಟಿಯಲ್ಲೇ ಮರಿ ಮಾಡಿಸುವುದು ಕಲಿತರು. ನಮ್ಮ ಮೀನು ಕೇಳುವವರು ಕಡಿಮೆಯಾದರು. ಅದೇ ಹೊತ್ತಿಗೆ ಅದೆಮಾರನ ಕಣ್ಣಲ್ಲಿ ಮಾಂಸ ಬೆಳೆಯಿತು. ಜೀವಮಾನವೆಲ್ಲ ನೀರಿನ ಮೇಲಿನ ಬಿಸಿಲು ಕಣ್ಣಿಗೆ ಹೊಡೆದರೆ ಹಾಗಾಗುತ್ತದೆ. ನಮ್ಮ ನದಿಯಲ್ಲಿ ಹಲವರಿಗಿದೆ. ಮೂಗಿನ ಕಡೆಯಿಂದ ಒಂದು ಪೊರೆ ಶುರುವಾಗಿ ಕಪ್ಪು ಗುಡ್ಡೆಯ ಮೇಲೆ ಹಬ್ಬುತ್ತದೆ. ಅವನಿಗೆ ಎರಡು ಕಣ್ಣಿಗೂ ಹಬ್ಬಿತು. ಬೆಳಕು ಕಂಡರೆ ನೀರು ಸುರಿಯುತ್ತಿತ್ತು. ಬೆಳ್ಳಗಿರುವುದೆಲ್ಲ ಅವನಿಗೆ ಒಂದೇ ಬಿಳಿ ಗೋಡೆ. ನದಿಗೆ ಹೋಗುವುದು ನಿಂತಿತು. ಬಾಗಿಲ ಪಕ್ಕದ ಜೋಲಿಯಲ್ಲಿ ಮುಖಕ್ಕೆ ಟೋಪಿ ಮುಚ್ಚಿಕೊಂಡು ಮಲಗಿರುತ್ತಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ. ಮತ್ತೆ ಹೋಗಿ ಮಲಗುತ್ತಿದ್ದ.

ನಮ್ಮ ಮಗಳು ರೊಜಿಯಾನೆ ಮನೌಸಿನಲ್ಲಿ ಮನೆಗೆಲಸ ಮಾಡುತ್ತಾಳೆ. ಅವಳು ಕೆಲಸಕ್ಕೆ ಹೋಗುವ ಒಂದು ಮನೆಯವರು ಗಾಜಿನ ಮೀನುಪೆಟ್ಟಿಗೆಯನ್ನು ಹೊರಗೆ ಎಸೆಯುತ್ತಿದ್ದರು. ಒಂದು ಮೂಲೆಯಲ್ಲಿ ಸೋರುತ್ತಿತ್ತು. ಅವಳು ಅದನ್ನು ಜೋಲಿಬಟ್ಟೆಯಲ್ಲಿ ಸುತ್ತಿ ದೋಣಿಯಲ್ಲಿ ಕಳಿಸಿದಳು. ಅಪ್ಪನಿಗೆ ಹೊತ್ತು ಹೋಗಲಿ ಎಂದು. ನಾನು ಬೈದೆ. ನದಿಯ ದಂಡೆಯಲ್ಲಿ ಮನೆ ಇಟ್ಟುಕೊಂಡು ಮನೆಯೊಳಗೆ ಮೀನು ಸಾಕುವವರು ನಮ್ಮಲ್ಲಿ ಯಾರೂ ಇಲ್ಲ. ಅದೆಮಾರ್ ಪೆಟ್ಟಿಗೆಯ ಪಕ್ಕ ಕೂತ. ಬೆರಳಿಂದ ಮೂಲೆ ಮೂಲೆ ಸವರಿ ಸೋರುವ ಜಾಗ ಹುಡುಕಿದ. ದೋಣಿಯ ಸೀಳಿಗೆ ಹಚ್ಚುವ ಮರದ ಮೇಣ ಕರಗಿಸಿ ಹಚ್ಚಿದ. ಸೋರುವುದು ನಿಂತಿತು. ಎಷ್ಟೋ ತಿಂಗಳ ಮೇಲೆ ಅವನು ಜೋಲಿಯಿಂದ ಎದ್ದು ಮಾಡಿದ ಕೆಲಸ ಅದು.

ಅವನ ಜೊತೆ ಮೀನಿಗೆ ಹೋಗುತ್ತಿದ್ದವನು ವಾಲ್ಮಿರ್. ರೊಜಿಯಾನೆಯ ಜ್ಞಾನಸ್ನಾನಕ್ಕೆ ಅವಳನ್ನು ಎತ್ತಿಕೊಂಡವನು ಅವನೇ. ಅದಕ್ಕೆ ನನ್ನನ್ನು ಕೊಮಾದ್ರೆ, ಅಂದರೆ ಧರ್ಮಮಗಳ ತಾಯಿ, ಎನ್ನುತ್ತಾನೆ. ಅವನು ಒಂದು ಬಟ್ಟಲು ಕಾರ್ದಿನಾಲ್ ತಂದುಕೊಟ್ಟ. ನಲ್ಲಿಯ ನೀರು ತುಂಬಿ ಬಿಟ್ಟೆವು. ತೀರ ತಿಳಿಯಾದ ನೀರು. ನನಗೆ ಒಂದೊಂದು ಮೀನೂ ಕಾಣುತ್ತಿತ್ತು. ಅದೆಮಾರ್ ಮುಖವನ್ನು ಗಾಜಿಗೆ ತಾಗಿಸಿ ಕೂತ. ಕಣ್ಣಿಂದ ನೀರು ಸುರಿಯಿತು. ಏನೂ ಕಾಣುವುದಿಲ್ಲ, ಬರೀ ಬಿಳಿ ಎಂದ. ಎದ್ದು ಜೋಲಿಗೆ ಹೋದ.

ಮೀನುಗಳೂ ಒಂದೇ ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ಅವಕ್ಕೆ ಅಡಗಲು ಏನಾದರೂ ಬೇಕು ಎಂದು ವಾಲ್ಮಿರ್ ತಾನೂ ಅದೆಮಾರನೂ ಮೀನು ಹಿಡಿಯುತ್ತಿದ್ದ ಜಾಗದಿಂದ ಒಂದು ಬೇರು ತಂದ. ಯಾವ ಕಾಲದಲ್ಲಿ ಬಿದ್ದ ಮರದ್ದೋ. ಕಪ್ಪಗೆ, ಕಬ್ಬಿಣದಷ್ಟು ಭಾರ. ಹಾಕಿದ ಕೂಡಲೇ ತಳಕ್ಕೆ ಹೋಗಿ ಕೂತಿತು. ಮೀನುಗಳು ಅದರ ಸಂದುಗಳಿಗೆ ಹೋದವು. ಆ ವಾರದಲ್ಲೇ ನೀರು ಕೆಂಪಾಯಿತು. ಆಮೇಲೆ ಚಹಾ. ಆಮೇಲೆ ಕಪ್ಪು ಚಹಾ.

ನಾನು ಮೊದಲು ನಲ್ಲಿಯ ಕೊಳವೆ ತುಕ್ಕು ಹಿಡಿದಿದೆ ಎಂದುಕೊಂಡೆ. ಅದೆಮಾರ್ ಹಚ್ಚಿದ ಮೇಣ ಕರಗುತ್ತಿದೆ ಎಂದುಕೊಂಡೆ. ಆ ಬೇರಿನಿಂದ ಎಂದು ಹೊಳೆಯಲೇ ಇಲ್ಲ. ನಾನು ಹುಟ್ಟಿದಾಗಿಂದ ನೋಡಿದ್ದು ಕಪ್ಪು ನದಿಯನ್ನೇ. ನೀರಿನ ಬಣ್ಣವೇ ಅದು, ಯಾರೂ ಹಾಕಿದ್ದಲ್ಲ ಎಂದೇ ತಿಳಿದಿದ್ದೆ. ಫೋನಿನಲ್ಲಿ ರೊಜಿಯಾನೆ ಹೇಳಿದ ಮೇಲೆ ಗೊತ್ತಾಯಿತು. ಅವಳು ಕೆಲಸದ ಮನೆಯಲ್ಲಿ ಕಂಡಿದ್ದಳು. ಅಲ್ಲಿಯವರು ಕಟ್ಟಿಗೆಯನ್ನು ಕುದಿಸಿ ಬಣ್ಣ ತೆಗೆದು ಹಾಕುತ್ತಿದ್ದರಂತೆ.

ಬಂದವರು ಪೆಟ್ಟಿಗೆ ನೋಡಿ ಏನಿದು ಕೊಚ್ಚೆ ಎನ್ನುತ್ತಿದ್ದರು. ನಾನು ನಾಚಿಕೆಯಿಂದ ಬಟ್ಟೆ ಮುಚ್ಚಿದೆ. ಅದೆಮಾರ್ ಬಟ್ಟೆ ತೆಗೆದ. ಜೋಲಿಯಿಂದ ಇಳಿದು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಟೋಪಿ ನೆಲದ ಮೇಲಿತ್ತು.

"ಏ ಮುದುಕಿ, ಕಾಣ್ತಿದೆ" ಎಂದ.

"ಏನು ಕಾಣ್ತಿದೆ?"

"ಕೆಂಪು. ಮೀನು ಕಾಣ್ತಿಲ್ಲ. ಕೆಂಪು ಹೋಗ್ತಾ ಬರ್ತಾ ಇರೋದು ಕಾಣ್ತಿದೆ."

ಆ ಕಪ್ಪು ನೀರು ಅವನ ಕಣ್ಣನ್ನು ಚುಚ್ಚುತ್ತಿರಲಿಲ್ಲ. ಅಂದಿನಿಂದ ನಾನು ನೀರಿನ ಸುದ್ದಿ ಎತ್ತಲಿಲ್ಲ. ಕೊಚ್ಚೆ ಎಂದವರಿಗೆ, ನಿಮ್ಮ ಮನೆಯಲ್ಲಿ ಕೂತು ನೋಡಿ ಹೋಗಿ ಎಂದೆ. ಅವನು ಹುರಿದ ಮರಗೆಣಸಿನ ಹಿಟ್ಟನ್ನು ಬೆರಳಲ್ಲಿ ಇನ್ನೂ ನುಣ್ಣಗೆ ಮಾಡಿ ಮೀನಿಗೆ ಹಾಕುತ್ತಿದ್ದ. ತಾನೂ ತಿಂದು ಮೀಸೆಗೆ ಮೆತ್ತಿಕೊಳ್ಳುತ್ತಿದ್ದ. ಊಟ ಮಾಡುತ್ತಿದ್ದ. ರೇಗುತ್ತಿದ್ದ. ರೇಗಿದ್ದಕ್ಕೆ ನನಗೆ ಸಂತೋಷವಾಯಿತು.

ಹೀಗೇ ಒಂದು ಮಳೆಗಾಲ ಕಳೆಯಿತು. ನದಿ ಇಳಿಯಲು ಶುರುವಾದಾಗ ರೊಜಿಯಾನೆ ಫೋನು ಮಾಡಿದಳು. ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ನಿಗೆ ಅಪ್ಪನ ಸರದಿ ಬಂದಿದೆ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು, ಕಳಿಸು ಎಂದಳು. ಅವನು ಒಲ್ಲೆ ಎಂದ. ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳುವುದಿಲ್ಲ ಎಂದ. ವಾಲ್ಮಿರ್ ಬಂದು ಹಂಗಿಸಿದ.

"ಮೊಸಳೆ ಇರೋ ನೀರಲ್ಲಿ ನಿಲ್ತಿದ್ದೆ. ಈಗ ಡಾಕ್ಟ್ರಮ್ಮನಿಗೆ ಹೆದರ್ತೀಯಾ?"

"ಮೊಸಳೆ ಕಣ್ಣಿಗೆ ಕೈ ಹಾಕ್ತಿರಲಿಲ್ಲ."

ಕೊನೆಗೆ ಹೊರಟ. ಹೊರಡುವ ಬೆಳಿಗ್ಗೆ ಚೀಲ ಕಟ್ಟಿಟ್ಟು ಪೆಟ್ಟಿಗೆಯ ಮುಂದೆ ಕೂತಿದ್ದ. ಕಾಫಿ ಕೊಟ್ಟೆ. ಸಕ್ಕರೆ ಸಾಲದು ಎಂದ. ಹಾಕಿದೆ. ಆಮೇಲೆ ಹೇಳಿದ.

"ಇಷ್ಟು ವರ್ಷ ಹಿಡಿದ್ನಲ್ಲ, ಇವನ್ನ ನಾನು ಮೇಲಿಂದ ಮಾತ್ರ ನೋಡಿರೋದು. ಬಲೇಲಿ, ಬೋಗುಣೀಲಿ, ಬರೀ ಬೆನ್ನು. ಪಕ್ಕದಿಂದ ನೋಡಿಲ್ಲ. ಅಲ್ಲೆಲ್ಲೋ ಮನೇಲಿ ಕೂತು ನೋಡ್ತಾರಲ್ಲ ತಿಳಿನೀರಲ್ಲಿ, ಹಂಗೆ ಒಂದ್ಸಲ ನೋಡ್ಬೇಕು. ನಾನು ಬರೋಷ್ಟರಲ್ಲಿ ನೀರು ತಿಳಿ ಮಾಡಿಡು."

"ಬೇರು ತೆಗೆದು ಬಿಸಾಕ್ತೀನಿ, ಒಂದೇ ದಿನಕ್ಕೆ ಆಗುತ್ತೆ."

"ಬೇರು ತೆಗೀಬೇಡ. ಬೇರು ಇಲ್ದಿದ್ರೆ ಮೂಲೆ ಸೇರ್ಕೊಂಡು ಹೆದರ್ತವೆ. ಹೆದರಿದ ಮೀನು ನೋಡೋಕೆ ನಂಗೆ ಕಣ್ಣು ಬೇಕಾ? ಬೇರೂ ಇರ್ಬೇಕು, ನೀರೂ ತಿಳಿ ಇರ್ಬೇಕು. ಬೇರನ್ನ ಕಡೀಬೇಡ."

ನನ್ನಿಂದ ಅವನು ಏನನ್ನೂ ಕೇಳಿ ಪಡೆದವನಲ್ಲ. ಮದುವೆಯಲ್ಲಿ ಕೂಡ. ಆಯಿತು ಎಂದೆ. ದೋಣಿ ಹತ್ತುವಾಗ ಹೋಗಿ ಬಾ ಎಂದೆ.

ಆ ದಿನವೇ ಮೀನುಗಳನ್ನು ಹಳೆಯ ನೀರಿನ ಸಮೇತ ಬೋಗುಣಿಗೆ ಬಿಟ್ಟೆ. ಬೇರನ್ನು ಕುದಿಸಬೇಕು. ಅಷ್ಟು ದೊಡ್ಡ ಪಾತ್ರೆ ನನ್ನಲ್ಲಿಲ್ಲ. ಪಕ್ಕದ ಮನೆಯ ನೀಲ್ಸಾಳ ಹಿತ್ತಲಲ್ಲಿ ಹಿಟ್ಟು ಹುರಿಯುವ ಅಗಲವಾದ ಕಬ್ಬಿಣದ ಬಾಣಲೆ ಇದೆ. ನಮ್ಮ ಓಣಿಯವರೆಲ್ಲ ಮರಗೆಣಸಿನ ಹಿಟ್ಟು ಅದರಲ್ಲೇ ಹುರಿಯುವುದು. ಕೇಳಿ ಒಲೆ ಹಚ್ಚಿದೆ. ನೀರು ಕುದಿಯಿತು. ಕೆಂಪಾಗುತ್ತದೆ ಎಂದುಕೊಂಡರೆ ಶಾಯಿಯ ಹಾಗೆ ಕಪ್ಪಾಯಿತು. ಬೇರು ಮೊದಲಿಗಿಂತ ಕಪ್ಪಾಯಿತು. ನನ್ನ ಕೈ ಕಪ್ಪಾಯಿತು. ಆ ಬಣ್ಣಕ್ಕೂ ಕಬ್ಬಿಣಕ್ಕೂ ಆಗಿಬರುವುದಿಲ್ಲ ಎಂದು ನನಗೇನು ಗೊತ್ತು. ನೀಲ್ಸಾ ಮರಳು ಹಾಕಿ ಉಜ್ಜಿದಳು, ಹೋಗಲಿಲ್ಲ. ಆ ವಾರ ಹುರಿದ ಹಿಟ್ಟು ಬೂದಿಯ ಬಣ್ಣಕ್ಕೆ ಬಂತು. ಓಣಿಯೆಲ್ಲ ಅದನ್ನೇ ತಿಂದಿತು.

"ನಿನ್ನ ಗಂಡನ ಕಣ್ಣು ಬರೋಷ್ಟರಲ್ಲಿ ನನ್ನ ಬಾಣಲೆ ಕುರುಡಾಯ್ತಲ್ಲೇ" ಎಂದಳು ನೀಲ್ಸಾ. ಬೈದಳು. ಬೈದು ಮುಗಿದ ಮೇಲೆ ಚರ್ಚಿನ ಹಬ್ಬಕ್ಕೆ ಸಾರು ಮಾಡುವ ಅಲ್ಯುಮಿನಿಯಂ ಹಂಡೆಯನ್ನು ತಾನೇ ಹೊತ್ತು ತಂದಳು.

ಹಂಡೆಯಲ್ಲಿ ಬೇರು ಪೂರ್ತಿ ಮುಳುಗುತ್ತಿರಲಿಲ್ಲ. ಕಡಿಯುವ ಹಾಗಿಲ್ಲ. ಅರ್ಧ ಬೇಯಿಸಿ, ತಲೆಕೆಳಗು ಮಾಡಿ ಉಳಿದರ್ಧ ಬೇಯಿಸಿದೆ. ನೀರು ಚೆಲ್ಲಿ ಮತ್ತೆ ಬೇಯಿಸಿದೆ. ಮೊದಲು ಕಪ್ಪು, ಆಮೇಲೆ ಕೆಂಪು, ಆಮೇಲೆ ಬೆಲ್ಲದ ನೀರಿನ ಬಣ್ಣ. ಪೆಟ್ಟಿಗೆಗೆ ಹಾಕಿದರೆ ಮಾರನೆಯ ದಿನ ಮತ್ತೆ ಚಹಾ. ತೆಗೆದು ಮತ್ತೆ ಬೇಯಿಸುವುದು. ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟೆ. ವಾಲ್ಮಿರ್ ಬಟ್ಟೆ ಬಿಳುಪು ಮಾಡುವ ನೀರು ಹಾಕು, ಒಂದೇ ಏಟಿಗೆ ಹೋಗುತ್ತದೆ ಎಂದ. ಆಮೇಲೆ ಮೀನು ಸತ್ತರೆ ನಿನ್ನನ್ನೇ ಪೆಟ್ಟಿಗೆಯಲ್ಲಿ ಬಿಡುತ್ತೇನೆ ಎಂದೆ.

ನದಿಯ ನೀರು ಮನೆಯ ಮುಂದೆಯೇ ಇತ್ತು. ಅದು ಉಪಯೋಗಕ್ಕೆ ಬರುವುದಿಲ್ಲ, ಅದೂ ಕಪ್ಪು. ನಲ್ಲಿಗೆ ಹೋಗಿ ಹೊತ್ತು ತರಬೇಕು. ನದಿ ಬಿಟ್ಟು ನಲ್ಲಿಗೆ ಸಾಲು ನಿಂತವಳನ್ನು ನೋಡಿ ಹೆಂಗಸರು ನಕ್ಕರು. ತಂದದ್ದನ್ನು ಒಂದು ದಿನ ಬೋಗುಣಿಯಲ್ಲಿ ಇಡಬೇಕು. ಮೀನುಗಳಿಗೆ ಹೊಸ ನೀರು ಒಮ್ಮೆಲೇ ಆಗದು. ಅವಿದ್ದ ಬೋಗುಣಿಗೆ ಬಟ್ಟಲು ಬಟ್ಟಲಾಗಿ ಬೆರೆಸಿ ಅಭ್ಯಾಸ ಮಾಡಿಸಿದೆ. ಅದೆಮಾರ್ ಹೀಗೇ ಮಾಡುತ್ತಿದ್ದದ್ದನ್ನು ನೋಡಿದ್ದೆ. ಬೆನ್ನು ನೋಯುತ್ತಿತ್ತು. ಆದರೂ ಅವನು ಹೊರಟ ಮೇಲೆ ಮನೆ ಬಿಕೋ ಎನ್ನಿಸಲಿಲ್ಲ. ಅವನ ಕೆಲಸವೇ ಮನೆ ತುಂಬ ಇತ್ತು.

ಆಪರೇಷನ್ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮಗಳ ಫೋನಿನಿಂದ ಮಾತಾಡಿದ.

"ಲಿಂಡಾಲ್ವಾ, ಇಲ್ಲಿ ಗೋಡೆ ಮೇಲೆ ಇರುವೆ ಹೋಗ್ತಿದೆ. ಕಾಣ್ತಿದೆ."

ಅವನು ನನ್ನನ್ನು ಹೆಸರು ಹಿಡಿದು ಕರೆದು ಎಷ್ಟೋ ಕಾಲವಾಗಿತ್ತು. ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ.

"ನೀರು ಏನಾಯ್ತು?"

"ಇನ್ನೂ ಚಹಾನೇ."

"ಸಕ್ಕರೆ ಹಾಕಿ ಕುಡಿ ಮತ್ತೆ. ನಾನು ಬರೋಷ್ಟರಲ್ಲಿ ಖಾಲಿ ಮಾಡು."

ಇದೇ ಕೊನೆಯ ಮಾತು. ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಬೇರೇನು ಹೇಳುತ್ತಿದ್ದೆನೋ.

ಡಾಕ್ಟರು ಕಪ್ಪು ಕನ್ನಡಕ ಕೊಟ್ಟರು. ಇನ್ನೊಂದು ಕಣ್ಣಿಗೆ ಆಮೇಲೆ ಬರಲು ಹೇಳಿದರು. ರೊಜಿಯಾನೆ ಇನ್ನಷ್ಟು ದಿನ ಇರು ಎಂದರೆ ಕೇಳಲಿಲ್ಲವಂತೆ. ದೋಣಿ ಹತ್ತಿದ. ಅವನು ಹೊರಟ ಮಾರನೆಯ ಬೆಳಿಗ್ಗೆ ಪೆಟ್ಟಿಗೆ ನೋಡಿದೆ. ಹಿಂದಿನ ದಿನ ಹಾಕಿದ ನೀರು ಹಾಗೇ ಇತ್ತು. ಬೇರು ತಳದಲ್ಲಿತ್ತು, ಕಂದು ಬಣ್ಣಕ್ಕೆ ತಿರುಗಿತ್ತು. ನೀರಿಗೆ ಏನೂ ಬಿಟ್ಟಿರಲಿಲ್ಲ. ಹಿಂದಿನ ಗೋಡೆಯ ಹಲಗೆಯ ಗಂಟುಗಳೂ ಪೆಟ್ಟಿಗೆಯ ಮೂಲಕ ಕಾಣುತ್ತಿದ್ದವು. ಮೀನು ಬಿಟ್ಟೆ. ಬೇರಿನ ಸುತ್ತ ಹೋದವು, ಬಂದವು, ಹೆದರಲಿಲ್ಲ. ಅವನಿಗೆ ಹೇಳೋಣವೆಂದರೆ ನದಿಯ ನಡುವೆ ಫೋನು ಸಿಗುವುದಿಲ್ಲ. ಇರಲಿ, ಬಂದೇ ನೋಡಲಿ ಎಂದುಕೊಂಡೆ. ಕೋಳಿ ಕುಯ್ಯಲು ನೀಲ್ಸಾಳಿಗೆ ಹೇಳಿದೆ.

ನದಿ ಇಳಿದಿತ್ತಲ್ಲ, ದೋಣಿ ಮರಳು ದಿಬ್ಬಕ್ಕೆ ಸಿಕ್ಕಿ ತಡವಾಯಿತು. ನಾನೂ ವಾಲ್ಮಿರನೂ ಬಂದರಿನಲ್ಲಿ ಕಾದೆವು. ದೋಣಿ ಬಂತು. ಎಲ್ಲರೂ ಇಳಿದರು. ಅವನು ಇಳಿಯಲಿಲ್ಲ. ದೋಣಿಯ ಯಜಮಾನ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದ. ಆ ಟೋಪಿ ನೋಡಿಯೇ ನನಗೆ ತಿಳಿಯಿತು.

ದೋಣಿಯಲ್ಲಿ ಕಟ್ಟಿಕೊಂಡಿದ್ದ ಜೋಲಿಯಲ್ಲೇ ಅವನ ಜೀವ ಹೋಗಿತ್ತು. ಮಲಗಿದ್ದಾನೆ ಎಂದು ಎಲ್ಲರೂ ಸುಮ್ಮನಿದ್ದರಂತೆ. ಬೆಳಿಗ್ಗೆ ಕಾಫಿಗೆ ಎಬ್ಬಿಸಲು ಹೋದಾಗ ಮೈ ತಣ್ಣಗಿತ್ತು. ಎದೆ ನಿಂತಿದೆ ಎಂದರು. ಪಕ್ಕದ ಜೋಲಿಯಲ್ಲಿ ಒಬ್ಬಳು ಹೆಂಗಸು ಇದ್ದಳು, ಮೇಲಿನ ಊರಿಗೆ ಹೋಗುವವಳು. ಅವಳು ಇಳಿದು ಬಂದು ನನ್ನ ಕೈ ಹಿಡಿದಳು. ಹಿಂದಿನ ಸಂಜೆ ಅವನು ಕನ್ನಡಕ ತೆಗೆದು ಕಟಕಟೆ ಹಿಡಿದು ನೀರನ್ನೇ ನೋಡುತ್ತ ನಿಂತಿದ್ದನಂತೆ. ಕಣ್ಣಿಗೆ ಗಾಳಿ ತಾಗುತ್ತದೆ ಹಾಕಿಕೋ ಎಂದು ಅವಳು ಹೇಳಿದ್ದಳಂತೆ. ಮನೆಯಲ್ಲಿ ನನ್ನ ಹೆಂಡತಿ ಒಂದು ಪೆಟ್ಟಿಗೆ ತಿಳಿನೀರು ಮಾಡಿ ಇಟ್ಟಿದ್ದಾಳೆ, ಹೋಗಿ ನೋಡಬೇಕು ಎಂದನಂತೆ.

ಮಾಡಿ ಇಟ್ಟಿದ್ದಾಳೆ ಎಂದನಂತೆ. ಇನ್ನೂ ಚಹಾ ಎಂದು ನಾನು ಹೇಳಿದ್ದೆ. ಆದರೂ ಹಾಗೆ ಹೇಳಿದ್ದಾನೆ.

ಮನೆಗೆ ತಂದು ಮಲಗಿಸಿದೆವು. ಸತ್ತವರ ಕಾಲು ಬಾಗಿಲ ಕಡೆಗೆ ಇರಬೇಕು. ಮೀನಿನ ಪೆಟ್ಟಿಗೆ ಇದ್ದದ್ದು ಬಾಗಿಲ ಪಕ್ಕದಲ್ಲೇ. ಸರಿಹೋಯಿತು. ತಲೆಯ ಕೆಳಗೆ ಇನ್ನೊಂದು ದಿಂಬು ಇಡಿ ಎಂದೆ. ಬಂದವರಿಗೆ ನೀಲ್ಸಾ ಕಾಫಿ ಕೊಟ್ಟಳು. ಕುಯ್ದಿಟ್ಟಿದ್ದ ಕೋಳಿಯನ್ನು ಯಾರು ಬೇಯಿಸಿದರೋ, ಯಾರು ತಿಂದರೋ. ಬಂದವರು ಅವನ ಮುಖ ನೋಡುತ್ತಿದ್ದರು, ಆಮೇಲೆ ಮೀನು ನೋಡುತ್ತಿದ್ದರು. ಮೀನನ್ನೇ ಹೆಚ್ಚು ಹೊತ್ತು ನೋಡಿದರು. ತಿಳಿನೀರಲ್ಲಿ ಅವು ಬಿಳಿಚಿಕೊಂಡಿದ್ದವು. ಕಪ್ಪು ನೀರಲ್ಲಿ ಉರಿಯುತ್ತಿದ್ದ ಕೆಂಪು ಇರಲಿಲ್ಲ. ವಾಲ್ಮಿರ್ ಬಹಳ ಹೊತ್ತು ಅಲ್ಲೇ ನಿಂತಿದ್ದು ನನ್ನ ಹತ್ತಿರ ಬಂದ.

"ಕೊಮಾದ್ರೆ, ಪೆಟ್ಟಿಗೆಗೆ ಬಟ್ಟೆ ಮುಚ್ಚಲಾ?"

"ಬೇಡ. ನೋಡ್ತೀನಿ ಅಂದಿದ್ದ."

ಸುದ್ದಿ ಕೇಳಿ ಬಂದಿದ್ದ ರೊಜಿಯಾನೆ ಚರ್ಚಿನಲ್ಲಿ ಏಳನೆಯ ದಿನದ ಪೂಜೆ ಮುಗಿಸಿ ನನ್ನನ್ನು ಮನೌಸಿಗೆ ಕರೆದಳು. ಪೆಟ್ಟಿಗೆಯನ್ನು ಶಾಲೆಗೆ ಕೊಡೋಣ ಎಂದಳು. ಅಪ್ಪನನ್ನು ನಾನೇ ಕರೆಸಿ ಕಳೆದೆ ಎಂದು ಅತ್ತಳು. ಇರುವೆ ಕಂಡನಲ್ಲ, ಅದು ನಿನ್ನಿಂದ ಎಂದೆ. ಅವಳ ಜೊತೆ ಹೋಗಲಿಲ್ಲ. ಪೆಟ್ಟಿಗೆ ಕೊಡಲಿಲ್ಲ.

ಬೇಯಿಸಿದ ಬೇರು ಪೂರ್ತಿ ಸೋತಿರಲಿಲ್ಲ. ಒಳಗೆಲ್ಲೋ ಉಳಿದದ್ದನ್ನು ಮೆಲ್ಲಮೆಲ್ಲಗೆ ಬಿಡುತ್ತಿತ್ತು. ವಾರ ಕಳೆಯುವಷ್ಟರಲ್ಲಿ ನೀರಿನ ಮೇಲೆ ಹಳದಿ ಮುಸುಕುತ್ತಿತ್ತು. ಶನಿವಾರ ನಾನು ನಲ್ಲಿಗೆ ಹೋಗಿ ನೀರು ತರುತ್ತಿದ್ದೆ. ಹಳದಿ ನೀರು ತೆಗೆದು, ಹೊಸದನ್ನು ಬಟ್ಟಲು ಬಟ್ಟಲಾಗಿ ಹಾಕುತ್ತಿದ್ದೆ. ಇದ್ದಿಲು ಬದಲಿಸುತ್ತಿದ್ದೆ. ಗಾಜು ಒರೆಸುತ್ತಿದ್ದೆ. ಹೆಂಗಸರು ಈಗ ನಗುತ್ತಿರಲಿಲ್ಲ, ಸಾಲಿನಲ್ಲಿ ಮುಂದೆ ಬಿಡುತ್ತಿದ್ದರು. ಅದು ನನಗೆ ಹಿಡಿಸಲಿಲ್ಲ. ನಕ್ಕರೆ ವಾಸಿಯಾಗಿತ್ತು. ತಿಳಿ ಮಾಡಿಡು ಎಂದಿದ್ದ, ತಿಳಿಯಾಗಿ ಇಟ್ಟಿದ್ದೆ. ಬಟ್ಟೆ ಒಗೆಯುವಾಗ, ಅನ್ನ ಇಡುವಾಗ ಅವನಿಲ್ಲ ಎಂದು ಗೊತ್ತಾಗುತ್ತಿತ್ತು. ಶನಿವಾರ ಮಾತ್ರ ಗೊತ್ತಾಗುತ್ತಿರಲಿಲ್ಲ. ಎಲ್ಲೋ ಹೋಗಿದ್ದಾನೆ, ಬರುವಷ್ಟರಲ್ಲಿ ಮುಗಿಸಬೇಕು ಎಂದು ಕೈ ಆಡುತ್ತಿತ್ತು.

ಬರಬರುತ್ತ ಹಳದಿ ಕಡಿಮೆಯಾಯಿತು. ನದಿ ಮತ್ತೆ ಏರುವ ಹೊತ್ತಿಗೆ ನಿಂತೇ ಹೋಯಿತು. ಒಂದು ಶನಿವಾರ ನೀರು ಹೊತ್ತು ತಂದು ನೋಡಿದೆ. ಪೆಟ್ಟಿಗೆಯ ನೀರಿಗೂ ಕೊಡದ ನೀರಿಗೂ ವ್ಯತ್ಯಾಸವಿಲ್ಲ. ಬಿಳಿ ಬಟ್ಟಲಲ್ಲಿ ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ. ಏನೂ ಇಲ್ಲ. ಮುಂದಿನ ವಾರವೂ ಏನೂ ಇಲ್ಲ. ಬೇರು ಕಡ್ಡಿಯ ಹಾಗೆ ಬೆಳ್ಳಗೆ ಕೂತಿತ್ತು. ತೆಗೆಯಲು ಬಣ್ಣ ಇರಲಿಲ್ಲ, ಶನಿವಾರಕ್ಕೆ ಕೆಲಸ ಇರಲಿಲ್ಲ. ತಂದ ನೀರನ್ನು ಅಂಗಳಕ್ಕೆ ಚೆಲ್ಲಿದೆ. ಕೊಡವನ್ನು ಬೋರಲು ಹಾಕಿ ಅದರ ಮೇಲೆ ಕೂತೆ. ಬಂದರಿನಲ್ಲಿ ಅಳದವಳು, ಮಣ್ಣು ಮಾಡುವಾಗ ಅಳದವಳು ಅವತ್ತು ಅತ್ತೆ. ನೀಲ್ಸಾ ಬೇಲಿಯ ಆಚೆಯಿಂದ ನೋಡಿದಳು. ಬರಲಿಲ್ಲ. ಒಳ್ಳೆಯದು ಮಾಡಿದಳು.

ಮಾರನೆಯ ದಿನ ವಾಲ್ಮಿರ್ ಮೀನಿಗೆ ಹೊರಡುತ್ತಿದ್ದ. ಕಾಡೊಳಗೆ ನೀರು ನುಗ್ಗಿದೆ, ನಮ್ಮ ಹಳೆ ಜಾಗಕ್ಕೇ ಹೋಗುತ್ತೇನೆ, ಏನಾದರೂ ಬೇಕಾ ಎಂದು ಬಾಗಿಲಲ್ಲಿ ನಿಂತು ಕೇಳಿದ.

"ಒಂದು ಬೇರು ತಂದ್ಕೊಡು" ಎಂದೆ.

"ಇರೋದಕ್ಕೇನಾಯ್ತು? ಈಗ ತಾನೆ ಬಣ್ಣ ಬಿಡೋದು ನಿಲ್ಲಿಸಿದೆ. ಹೊಸದು ಹಾಕಿದ್ರೆ ಮತ್ತೆ ಕಪ್ಪಾಗುತ್ತಲ್ಲ ಕೊಮಾದ್ರೆ. ನಿಂಗೆ ತಿಳಿನೀರು ತಾನೆ ಬೇಕು?"

"ಹೂಂ, ಬೇಕು."

ಅವನು ನನ್ನನ್ನು ನೋಡಿದ. ಪೆಟ್ಟಿಗೆಯನ್ನು ನೋಡಿದ. ಹುಟ್ಟನ್ನು ಹೆಗಲಿಗೆ ಹಾಕಿಕೊಂಡ.

"ಕಪ್ಪಗಿರೋದು ನೋಡಿ ತಾ" ಎಂದೆ. "ಚೆನ್ನಾಗಿ ಬಣ್ಣ ಬಿಡ್ಬೇಕು."